ಪಂಕ್ತಿಯಲ್ಲಿ ಕೂತ ಹೊಸ ನೆಂಟ

ಒಂದಾನೊಂದು ಕಾಲದಲ್ಲಿ, ಅಂದರೆ ಎಣ್ಣೆ ಬೇಕಾದವರು ಗಾಣದ ಮನೆಗೇ ಹೋಗಬೇಕಿದ್ದ ಕಾಲದಲ್ಲಿ, ಒಂದು ಗಾಣಿಗರ ಮನೆ ಇತ್ತಂತೆ. ಕಾಲು ಆಡಿಸಬೇಡ ಮಗಾ, ಕೇಳು. ಆ ಮನೆ ತುಂಬ ಜನವಂತೆ. ಎಷ್ಟು ಜನ ಅಂತ ನನ್ನ ಕೇಳಬೇಡ, ಅವರಿಗೇ ಗೊತ್ತಿರಲಿಲ್ಲ. ಊಟಕ್ಕೆ ಕೂತವರ ತಲೆ ಎಣಿಸಿದರೆ ಆಯಸ್ಸು ಕಡಿಮೆಯಾಗುತ್ತೆ ಅಂತ ಹಿರಿಯರು ಯಾರೋ ಹೇಳಿ ಸತ್ತಿದ್ದರಂತೆ, ಆಮೇಲೆ ಯಾರೂ ಎಣಿಸಲಿಲ್ಲವಂತೆ, ಎಣಿಸೋರಿಲ್ಲದೆ ಮನೆ ಬೆಳೀತಾನೇ ಹೋಯಿತಂತೆ.

ಮನೆಯ ಯಜಮಾನಿ ಪಿಳ್ಳವ್ವ. ಅವಳಿಗೆ ಮೂರು ಗಂಡುಮಕ್ಕಳು, ಮೂರು ಸೊಸೆಯರು. ದೊಡ್ಡವಳು ಈರವ್ವ, ನಡುವಿನವಳು ಮುದ್ದವ್ವ, ಕಿರಿಯವಳು ಬೊಮ್ಮಿ. ಬೊಮ್ಮಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲವಂತೆ.

ಒಂದು ಬೇಸಿಗೇಲಿ ಅವರ ಗಾಣದ ಮರ ಸೀಳು ಬಿಟ್ಟಿತಂತೆ. ಬಡಗಿ ಬಂದು, ಇದನ್ನ ತೆಗೆದು ಬೇರೆ ಕೂರಿಸಬೇಕು, ನಾಲ್ಕು ದಿನ ನೀವು ಯಾರೂ ನನ್ನ ಕಣ್ಣಿಗೆ ಬೀಳದಿದ್ದರೆ ಬೇಗ ಆಗುತ್ತೆ ಅಂದನಂತೆ. ಆಗ ಪಿಳ್ಳವ್ವ, ಹುಟ್ಟಿದಾಗಿಂದ ಗಾಣದೆತ್ತಿನ ಹಂಗೆ ಸುತ್ತಿದ್ದೀವಿ, ಒಂದು ಸಲ ನೆಟ್ಟಗೆ ಎಲ್ಲಿಗಾದರೂ ಹೋಗೋಣ ಅಂತ ಹೇಳಿ, ಬಂಡಿ ಕಟ್ಟಿಸಿ, ರಾಗಿ ಹಿಟ್ಟು, ಅಕ್ಕಿ, ಬೇಳೆ, ಹುಚ್ಚೆಳ್ಳೆಣ್ಣೆ ಎಲ್ಲ ಹೇರಿಸಿ, ಚಿಕ್ಕಪ್ಪನವರು, ಅತ್ತೆಯವರು, ಅತ್ತೆಯವರ ಬೀಗರು ಎಲ್ಲರನ್ನೂ ಕರಕೊಂಡು ಒಂದು ತಂಪಾದ ಬೆಟ್ಟಕ್ಕೆ ಹೋದಳಂತೆ. ಬೆಟ್ಟದ ಮೇಲೊಂದು ಕಲ್ಲುಮಂಟಪ, ಪಕ್ಕದಲ್ಲಿ ನೀರಿನ ದೊಣೆ. ಅಲ್ಲಿ ಮೂರು ದಿನ ಆರಾಮಾಗಿ ಇರೋದು ಅಂತ ತೀರ್ಮಾನ ಆಯಿತಂತೆ. ಆರಾಮು ಅಂದರೆ ಗಂಡಸರು ಮರದ ಕೆಳಗೆ ಮಲಗೋದು, ಹೆಂಗಸರು ಊರಿನ ಒಲೆ ಬಿಟ್ಟು ಬೆಟ್ಟದ ಒಲೆ ಊದೋದು. ದಿನಕ್ಕೊಬ್ಬ ಸೊಸೆ ಅಡುಗೆ ಮಾಡಬೇಕು ಅಂತ ಪಿಳ್ಳವ್ವ ಹೇಳಿದಳಂತೆ.

ಮೊದಲ ದಿನ ಈರವ್ವನದು. ಮೂರು ಗುಂಡುಕಲ್ಲು ಹೂಡಿ, ಕಣ್ಣಳತೇಲಿ ಅಕ್ಕಿ ಸುರಿದು, ಹುರುಳಿಕಾಳಿನ ಸಾರು ಮಾಡಿದಳಂತೆ. ಎಲ್ಲರೂ ಸಾಲಾಗಿ ಕೂತರಂತೆ, ಎಲೆ ಹಾಕಿದರಂತೆ. ಆ ಬೆಟ್ಟದ ಹಿಂದೆ ಒಂದು ಗವಿ, ಗವಿಯೊಳಗೆ ಒಬ್ಬ ರಾಕ್ಷಸ. ಅವನಿಗೆ ಸಾರಿನ ವಾಸನೆ ಹೋಯಿತಂತೆ. ಅವನು ಕೋರೆಹಲ್ಲು ಮುಚ್ಚೋಹಂಗೆ ಮೀಸೆ ಇಳಿಬಿಟ್ಟು, ಕೊಂಬಿನ ಮೇಲೆ ರುಮಾಲು ಸುತ್ತಿ, ಹೆಗಲ ಮೇಲೆ ಒಂದು ವಲ್ಲಿ ಹಾಕ್ಕೊಂಡು ಬಂದು ಪಂಕ್ತಿಯ ಕೊನೇಲಿ ಕೂತುಬಿಟ್ಟನಂತೆ. ಈ ಕಡೆಯವರು ಆ ಕಡೆ ನೆಂಟನಿರಬೇಕು ಅಂದುಕೊಂಡರಂತೆ, ಆ ಕಡೆಯವರು ಈ ಕಡೆ ನೆಂಟನಿರಬೇಕು ಅಂದುಕೊಂಡರಂತೆ. ಯಾರು ನೀನು ಅಂತ ಕೇಳಬಹುದಿತ್ತಲ್ಲ ಅಂತೀಯಾ? ಎಲೆ ಮುಂದೆ ಕೂತವರನ್ನ ಹಂಗೆ ಕೇಳಿದರೆ ಮರ್ಯಾದೆ ಏನಾಗಬೇಕು?

ಅವನು ಅನ್ನ ಬಡಿಸಿದ ಹಂಗೆ ಉಂಡ, ಉಂಡ ಹಂಗೆ ಬಡಿಸು ಅಂದ. ಕೊನೆಗೆ ಅರ್ಧ ಪಂಕ್ತಿಗೆ ಅನ್ನವೇ ಬರಲಿಲ್ಲವಂತೆ. ಪಿಳ್ಳವ್ವ ಎಲ್ಲರ ಎದುರಿಗೆ, ಈರವ್ವಾ, ನಿಮ್ಮ ತವರಲ್ಲಿ ಗುಬ್ಬಿಗಳಿಗೆ ಅಡುಗೆ ಮಾಡ್ತಿದ್ದರೇನೋ ಅಂದಳಂತೆ. ಅಡುಗೆ ಮಾಡಿದವರು ಕೊನೇಲಿ ಉಣ್ಣಬೇಕು ಅಂತ ಆ ಮನೇಲಿ ಪದ್ಧತಿ, ಹಂಗಾಗಿ ಈರವ್ವ ದೊಣೆಯ ನೀರು ಕುಡಿದು ಮಲಗಿದಳಂತೆ.

ಎರಡನೇ ದಿನ ಮುದ್ದವ್ವನದು. ಅವಳು ಜಾಣೆ, ಎರಡರಷ್ಟು ಮಾಡಿದಳಂತೆ. ಅಕ್ಕಿ ಪೂರ್ತಿ ಬೇಯಿಸಿ, ಅರ್ಧ ರಾಗಿ ಹಿಟ್ಟು ತಿರುವಿ, ಬೇಳೆ ಮೂಟೆಯ ತಳ ಕಾಣೋಹಂಗೆ ಸುರಿದು ಹುಳಿ ಮಾಡಿದಳಂತೆ. ರಾಕ್ಷಸ ಮತ್ತೆ ಬಂದು ಕೂತನಂತೆ. ಇವತ್ತು ಎಲೆ ಸಾಲಲ್ಲ ಅಂತ ಎರಡು ಎಲೆ ಜೋಡಿಸಿಕೊಂಡನಂತೆ. ಅಷ್ಟೂ ಖಾಲಿ. ಮುದ್ದವ್ವ ಬರೀ ಕೊಳದಪ್ಪಲೆ ಹಿಡಿದು ಅವನ ಮುಂದೆ ನಿಂತಾಗ, ಅವನು ತಲೆ ಎತ್ತಿ ಮೆಲ್ಲಗೆ, ಅವಳಿಗೊಬ್ಬಳಿಗೇ ಕೇಳೋಹಂಗೆ, ನಾಳೆಯೂ ನನಗೆ ಸಾಲದೆ ಹೋದರೆ ಅಡುಗೆ ಮಾಡಿದವರನ್ನೇ ತಿಂತೀನಿ, ಇದು ನನ್ನ ಮಾತು ಅಂದನಂತೆ. ಹಂಗನ್ನುವಾಗ ಮೀಸೆ ಸರಿದು ಕೋರೆಹಲ್ಲು ಕಂಡಿತಂತೆ.

ಮುದ್ದವ್ವನಿಗೆ ಕೈಕಾಲು ನಡುಗಿಹೋಯಿತಂತೆ. ಆಮೇಲೆ, ನಾಳೆ ಅಡುಗೆ ನನ್ನದಲ್ಲವಲ್ಲ ಅಂತ ನೆನಪಾಗಿ ನಡುಕ ನಿಂತಿತಂತೆ. ಸಾಯಂಕಾಲ ಬೊಮ್ಮೀನ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚುತ್ತಾ, ಬೊಮ್ಮಿ, ಹೇಳಬಾರದು ಅಂತಿದ್ದೆ ಕಣೆ, ಅಕ್ಕ ಅನ್ನಿಸಿಕೊಂಡ ಮೇಲೆ ಹೇಳದೆ ಹೆಂಗಿರಲಿ ಅಂತ ಶುರುಮಾಡಿ, ಎಲ್ಲಾ ಹೇಳಿ, ಚೆನ್ನಾಗಿ ಜಡೆ ಹೆಣೆದು ಕಳಿಸಿದಳಂತೆ.

ಬೊಮ್ಮಿ ಹೋಗಿ ಮೂಟೆ ಮುಟ್ಟಿ ನೋಡಿದಳಂತೆ. ಅಕ್ಕಿ ಇಲ್ಲ. ಅರ್ಧ ಮೂಟೆ ರಾಗಿ ಹಿಟ್ಟು, ಒಂದಿಷ್ಟು ಹುರುಳಿಕಾಳು. ಮನೆಯವರಿಗೇ ಬಿಗಿ. ಅವನಿಗೆ ಸಾಲೋ ಮಾತೇ ಇಲ್ಲ.

ಅವಳು ಗಂಡ ಪುಟ್ನಂಜನ ಹತ್ತಿರ ಹೋಗಿ ಹಿಂಗಿಂಗೆ ಅಂದಳಂತೆ. ಅವನು ಒಳ್ಳೆಯವನು. ತುಂಬಾ ಹೊತ್ತು ಯೋಚನೆ ಮಾಡಿ, ಅವರು ದೊಡ್ಡತ್ತೆ ಕಡೆಯವರ ಹಂಗೆ ಕಾಣ್ತಾರೆ, ಹಲ್ಲು ಕೆಲವರಿಗೆ ಹಂಗೇ ಇರುತ್ತೆ, ನೀನು ನಾಳೆ ಸ್ವಲ್ಪ ಜಾಸ್ತಿ ಮಾಡಿಬಿಡು ಅಂದನಂತೆ. ಅತ್ತೆ ಹತ್ತಿರ ಹೋದಳಂತೆ. ಅತ್ತೆ, ಕೊನೇಲಿ ಕೂರ್ತಾರಲ್ಲ, ಅವರು ಯಾರು ಅಂತ ಒಂದು ಮಾತು ಕೇಳಿ ಅಂದಳಂತೆ. ಪಿಳ್ಳವ್ವ ಎಲೆ ಅಡಿಕೆ ಜಗಿಯೋದು ನಿಲ್ಲಿಸಿ, ಉಣ್ಣೋರನ್ನ ಯಾರು ಅಂತ ಕೇಳೋದೇ, ನಾಳೆ ಅವರು ಊರೆಲ್ಲ ಹೇಳಿಕೊಂಡು ಬಂದರೆ ಈ ಮನೆ ಹೆಣ್ಣುಮಕ್ಕಳನ್ನ ಯಾರು ಮದುವೆಯಾಗ್ತಾರೆ ಅಂದಳಂತೆ. ನಾನು ಸತ್ತರೆ ಅಂದಳಂತೆ ಬೊಮ್ಮಿ. ಅಡುಗೆ ಮಾಡೋಕೆ ಬೇಜಾರು ಅಂದರೆ ಬಾಯಿಬಿಟ್ಟು ಹೇಳು, ಸಾಯೋ ಮಾತೆಲ್ಲ ಯಾಕೆ ಅಂತ ಪಿಳ್ಳವ್ವ ಮತ್ತೆ ಜಗಿಯೋಕೆ ಶುರುಮಾಡಿದಳಂತೆ.

ಕಣ್ಣು ಬಿಟ್ಟುಕೊಂಡೇ ಇದ್ದೀಯಲ್ಲ. ಸರಿ, ಹೊದ್ದುಕೋ.

ಆ ಮನೇಲಿ ಇನ್ನೊಂದು ಪದ್ಧತಿ ಇತ್ತಂತೆ. ಅಡುಗೆಗೆ ಹೆಸರಿಡೋದು ಯಾರು ಬೇಕಾದರೂ ಇಡಬಹುದು. ಉಪ್ಪು ಮುಂದಾಯಿತು, ಮುದ್ದೆ ಗಂಟಾಯಿತು, ಸಾರು ನೀರಾಯಿತು, ಏನು ಬೇಕಾದರೂ ಅನ್ನಬಹುದು. ಅದನ್ನ ಅನ್ನದೆ ಆ ಮನೆಯವರು ಕೈ ತೊಳೀತಲೇ ಇರಲಿಲ್ಲವಂತೆ. ಆದರೆ ಹಂಗೆ ಮಾಡು, ಹಿಂಗೆ ಮಾಡು ಅಂತ ಒಲೆ ಮುಂದಿರೋರಿಗೆ ಹೇಳಿಕೊಡೋ ಹಾಗಿಲ್ಲ. ಮೂರು ಸಲ ಹೇಳಿಕೊಟ್ಟವರು ಆವತ್ತಿನ ಸೌಟು ಹಿಡಿದು ತಾವೇ ಅಡುಗೆ ಮಾಡಬೇಕು, ಗಂಡಸಾದರೂ ಸರಿ, ಮುದುಕರಾದರೂ ಸರಿ. ಹಿಂದೆ ಯಾವಳೋ ಸೊಸೆ ಹೇಳಿಕೊಡೋರ ಕಾಟ ತಡೀಲಾರದೆ ಸೌಟು ಬಿಸಾಕಿ ತವರಿಗೆ ಹೋಗಿದ್ದಳಂತೆ, ಅವತ್ತಿಂದ ಈ ಕಟ್ಟುಪಾಡು. ಅದಕ್ಕೇ ಅಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತಿತ್ತಂತೆ, ಬೈಯಬಹುದು, ಹೇಳಿಕೊಡಬಾರದು.

ಮೂರನೇ ದಿನ ಬೆಳಗ್ಗೆ ಬೊಮ್ಮಿ ಒಲೆ ಹೂಡಿ ಎಲ್ಲರಿಗೂ ಒಂದೊಂದು ಲೋಟ ಅಂಬಲಿ ಕೊಟ್ಟಳಂತೆ. ರಾಕ್ಷಸನೂ ಅಂಬಲಿ ವಾಸನೆಗೆ ಬೇಗ ಬಂದು ಮಂಟಪದ ಕಂಬಕ್ಕೆ ಒರಗಿ ಕೂತಿದ್ದನಂತೆ. ಬೊಮ್ಮಿ ಅವನಿಗೂ ಒಂದು ಲೋಟ ಕೊಟ್ಟಳಂತೆ. ಅವನು ಕುಡಿದ ಮೇಲೆ, ಮಾವ, ಅಂಬಲಿ ಹೆಂಗಿದೆ ಅಂದಳಂತೆ. ಬಹಳ ಚೆನ್ನಾಗಿದೆ ಅಂದನಂತೆ ಅವನು. ಈ ಮನೇಲಿ ಅಂಥ ಮಾತನ್ನ ಯಾರೂ ಕೇಳೇ ಇರಲಿಲ್ಲ. ಎಲ್ಲರೂ ತಿರುಗಿ ಅವನ ಕಡೆ ನೋಡಿದರಂತೆ.

ರಾಕ್ಷಸನಿಗೆ ಏನೋ ಎಡವಟ್ಟಾಯಿತು ಅಂತ ಗೊತ್ತಾಯಿತಂತೆ. ಅವನು ಒಬ್ಬ, ಇವರು ಎಣಿಸಬಾರದಷ್ಟು ಜನ, ಒಬ್ಬೊಬ್ಬರ ತೋಳೂ ಗಾಣದ ಕೆಲಸದಲ್ಲಿ ಗಟ್ಟಿಯಾದ ತೋಳು. ಬೊಮ್ಮಿ ಮೆಲ್ಲಗೆ, ದಾಕ್ಷಿಣ್ಯ ಬೇಡ ಮಾವ, ನಮ್ಮವರೇ ಹೇಳದಿದ್ದರೆ ಇನ್ನಾರು ಹೇಳಬೇಕು, ಉಪ್ಪು ಎಷ್ಟು ಹಾಕಬೇಕಿತ್ತು ಅಂದಳಂತೆ. ಅವನಿಗೆ ದಾರಿ ಸಿಕ್ಕಿದಂತಾಗಿ, ಇನ್ನೊಂದು ಚಿಟಿಕೆ ಹಾಕು ಅಂದನಂತೆ. ಪುಟ್ನಂಜ ಲೋಟ ಕೆಳಗಿಟ್ಟನಂತೆ. ಹುರುಳಿ ಸಾರಿಗೆ ಮಾವ, ಅಂದಳಂತೆ. ಬೆಳ್ಳುಳ್ಳಿ ಜಜ್ಜಿ ಹಾಕು ಅಂದನಂತೆ. ಮುದ್ದವ್ವ ಸೆರಗು ಬಾಯಿಗೆ ಹಿಡಿದಳಂತೆ. ಮುದ್ದೆಗೆ ಮಾವ, ಅಂದಳಂತೆ ಬೊಮ್ಮಿ. ರಾಕ್ಷಸ ಅವಳನ್ನ ನೋಡಿದ, ಒಲೆ ಪಕ್ಕ ಮುಚ್ಚಿಟ್ಟಿದ್ದ ಪಾತ್ರೆ ನೋಡಿದ, ಸುತ್ತ ಕೂತವರನ್ನ ನೋಡಿದ. ಆದರೆ ಒಂದು ಸಲ ಹೇಳಿಕೊಡೋಕೆ ಶುರುಮಾಡಿದವರಿಗೆ ನಿಲ್ಲಿಸೋಕೆ ಬರಲ್ಲ ಮಗಾ, ರಾಕ್ಷಸರಾದರೇನು. ಮುದ್ದೆಗೆ ನೀರು ಚೆನ್ನಾಗಿ ಕುದಿಸು ಅಂದುಬಿಟ್ಟನಂತೆ.

ಪಿಳ್ಳವ್ವ ಎದ್ದು ಬಂದು ಸೌಟು ತಗೊಂಡು ಅವನ ಕೈಗೆ ಕೊಟ್ಟು, ಏಳಪ್ಪಾ, ನೀರು ನೀನೇ ಕುದಿಸು ಅಂದಳಂತೆ.

ಒಲ್ಲೆ ಅಂದರೆ ಈ ಮನೆಯವನಲ್ಲ ಅಂತ ಒಪ್ಪಿದ ಹಂಗೆ. ಅವನು ಎದ್ದು ಒಲೆ ಮುಂದೆ ಕೂತನಂತೆ. ಹೊಗೆಗೆ ಕಣ್ಣು ಕೆಂಪಾಯಿತಂತೆ, ಅದು ಮೊದಲೇ ಕೆಂಪಿತ್ತು, ಯಾರಿಗೂ ಗೊತ್ತಾಗಲಿಲ್ಲ. ಸಾರು ಕುದಿಯುವಾಗ ಅವನ ಬಾಯಿಂದ ನೀರು ಸುರೀತಿತ್ತಂತೆ. ಸೌಟು ಬಾಯಿ ಹತ್ತಿರ ತಗೊಂಡ ತಕ್ಷಣ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದ ಪಿಳ್ಳವ್ವ, ದೇವರಿಗೆ ತೋರಿಸೋಕೆ ಮುಂಚೆ ರುಚಿ ನೋಡಿದರೆ ಎಂಜಲು ಅಂದಳಂತೆ. ಮಧ್ಯಾಹ್ನ ಎಲೆ ಹಾಕಿದಾಗ ಅವನು ಓಡಿಬಂದು ಕೂರೋಕೆ ಹೋದನಂತೆ. ಅಡುಗೆ ಮಾಡಿದವರು ಬಡಿಸಬೇಕು, ಉಣ್ಣೋದು ಕೊನೇಲಿ ಅಂದಳಂತೆ.

ಅವನು ಬಡಿಸಿದನಂತೆ. ಎರಡು ದಿನ ಅರೆಹೊಟ್ಟೇಲಿದ್ದ ಜನ, ಬೆಟ್ಟದ ಗಾಳಿ ಬೇರೆ. ಒಬ್ಬೊಬ್ಬರೂ ಮುದ್ದೆ ಮೇಲೆ ಮುದ್ದೆ ಕೇಳಿದರಂತೆ. ರಾಕ್ಷಸ ಪಂಕ್ತಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿದನಂತೆ. ಬೊಮ್ಮಿ ಊಟಕ್ಕೂ ಕೂರದೆ ಕಂಬದ ಪಕ್ಕ ನಿಂತು ಪಾತ್ರೆಯನ್ನೇ ನೋಡ್ತಿದ್ದಳಂತೆ. ಕೊನೇ ಮುದ್ದೆ ಹೋಯಿತು, ಕೊನೇ ಸೌಟು ಸಾರು ಹೋಯಿತು. ಅವನು ಪಾತ್ರೆಯೊಳಗೆ ತಲೆ ಹಾಕಿ ನೋಡಿದ, ಏನೂ ಇರಲಿಲ್ಲ. ತಲೆ ಈಚೆಗೆ ತೆಗೆದಾಗ ಅವನ ಕಣ್ಣು ನೇರವಾಗಿ ಬೊಮ್ಮಿ ಮೇಲೇ ಬಿತ್ತಂತೆ.

ಅವನು ಒಂದು ಹೆಜ್ಜೆ ಮುಂದೆ ಬಂದನಂತೆ. ಇವಳು ಕಂಬಕ್ಕೆ ಅಂಟಿಕೊಂಡಳಂತೆ. ನನಗೆ ಸಾಲಲಿಲ್ಲ ಅಂದನಂತೆ. ಬೊಮ್ಮಿ ಗಟ್ಟಿಮನಸ್ಸು ಮಾಡಿ, ಸಾಲದಿದ್ದರೆ ಅಡುಗೆ ಮಾಡಿದವರನ್ನ ತಿಂತೀನಿ ಅಂದಿದ್ದಿರಲ್ಲ ಮಾವ, ಇವತ್ತು ಅಡುಗೆ ಯಾರದು ಅಂದಳಂತೆ. ನಿನ್ನದೇ ಅಂದನಂತೆ ರಾಕ್ಷಸ, ಒಲೆ ಹೂಡಿದವಳು ನೀನು, ಬೆಂಕಿ ಹಚ್ಚಿದವಳು ನೀನು, ಇವತ್ತಿನ ಸರದಿ ನಿನ್ನದು.

ಅಷ್ಟು ಹೊತ್ತಿಗೆ ಪಂಕ್ತಿಯವರ ಉಪಚಾರ ಶುರುವಾಗಿತ್ತಂತೆ. ಹುರುಳಿ ಕಲ್ಲಿನ ಹಂಗಿದೆ ಅಂದನಂತೆ ಒಬ್ಬ ಚಿಕ್ಕಪ್ಪ. ಮುದ್ದೇಲಿ ಗಂಟು, ಗಂಟಿನೊಳಗೆ ಹಸಿ ಹಿಟ್ಟು ಅಂದಳಂತೆ ಈರವ್ವ. ಬೆಳ್ಳುಳ್ಳಿ ಸಿಪ್ಪೆ ಸಮೇತ ಹಾಕಿದ್ದಾನೆ ಅಂದನಂತೆ ಪುಟ್ನಂಜ. ಪಿಳ್ಳವ್ವ ಎಲೆ ಮಡಿಸುತ್ತಾ, ನಮ್ಮ ಬೊಮ್ಮಿ ಏನೇ ಆದರೂ ಇಷ್ಟು ಕೆಟ್ಟದಾಗಿ ಮಾಡಲ್ಲ, ಈ ಅಡುಗೆ ಮಾಡಿದವನು ನೀನೇ ಕಣಪ್ಪಾ, ಬೇರೆಯವರ ತಲೆಗೆ ಕಟ್ಟಬೇಡ ಅಂದಳಂತೆ. ಪಂಕ್ತಿಗೆ ಪಂಕ್ತಿಯೇ, ನೀನೇ, ನೀನೇ ಅಂತ ಕೈ ತೋರಿಸಿತಂತೆ.

ರಾಕ್ಷಸರಿಗೆ ಕೊಟ್ಟ ಮಾತು ತಪ್ಪಿದರೆ ಹೊಟ್ಟೆ ಒಡೆದುಹೋಗುತ್ತೆ, ಅದಕ್ಕೇ ಅವರು ಕಡಿಮೆ ಮಾತಾಡೋದು. ಇವನು ನಿಂತಲ್ಲೇ ಬೆವೆತು, ತನ್ನ ಕಿರುಬೆರಳನ್ನ ಒಂದು ಸಲ ನೋಡಿ, ಬಾಯಲ್ಲಿಟ್ಟು ಕಚ್ಚಿದನಂತೆ. ಊಟದ ಹೊತ್ತಲ್ಲಿ ಉಗುರು ಕಚ್ಚಬಾರದು ಅಂದಳಂತೆ ಪಿಳ್ಳವ್ವ. ನೋವಿಗೆ ಅವನು ಕುಣಿದ ರಭಸಕ್ಕೆ ರುಮಾಲು ಬಿತ್ತು, ಕೊಂಬು ಕಂಡಿತು, ಇನ್ನು ನನ್ನನ್ನ ನಾನೇ ತಿನ್ನಲಾರೆ ಅಂತ ಅವನು ಬೆಟ್ಟ ಇಳಿದು ಓಡಿದನಂತೆ. ಹಿರಿಯರು ಇನ್ನೂ ಮಜ್ಜಿಗೆ ಕುಡೀತಿದ್ದರು, ಅವರು ಏಳದೆ ಯಾರೂ ಏಳೋ ಹಾಗಿಲ್ಲ, ಹಂಗಾಗಿ ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಕಣಿವೇಲಿ ಢಬ್ ಅಂತ ಒಂದು ಸದ್ದಾಯಿತಂತೆ.

ಬೊಮ್ಮಿ ಕುಸಿದು ಕೂತವಳು ಅಳೋಕೆ ಶುರುಮಾಡಿದಳಂತೆ. ಮುದ್ದವ್ವ ಬಂದು ಪಕ್ಕದಲ್ಲಿ ಕೂತು, ಕೈ ಹಿಡಿದು, ತಲೆ ತಗ್ಗಿಸಿದಳಂತೆ. ಪುಟ್ನಂಜ ಮೂಟೆ ಕೊಡವಿ ಬಂದ ಹಿಟ್ಟಲ್ಲಿ ಒಂದು ರೊಟ್ಟಿ ತಟ್ಟಿ, ಹುಚ್ಚೆಳ್ಳೆಣ್ಣೆ ಸುರಿದು ಬೇಯಿಸಿ ತಂದುಕೊಟ್ಟನಂತೆ. ಅದು ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಅವಳು ಪೂರ್ತಿ ತಿಂದಳಂತೆ. ಅವಳು ತಿಂದು ಮುಗಿಸೋವರೆಗೆ ಅಷ್ಟೂ ಜನ ಸುತ್ತ ಕೂತಿದ್ದರಂತೆ.

ಆಮೇಲೆ ಅವರು ಊರಿಗೆ ಬಂದರು, ಹೊಸ ಗಾಣ ಕೂತಿತ್ತು, ಬೊಮ್ಮಿಗೆ ಮೂರು ಮಕ್ಕಳಾದವು, ಎಲ್ಲ ಸುಖವಾಗಿದ್ದರಂತೆ. ಪಿಳ್ಳವ್ವ ಮಾತ್ರ ಒಂದು ಹೊಸ ಪದ್ಧತಿ ಮಾಡಿದಳಂತೆ. ಅವತ್ತಿಂದ ಆ ಮನೇಲಿ ಯಾರಿಗೂ ಬಡಿಸೋಕೆ ಮುಂಚೆ, ಅಡುಗೆ ಮಾಡಿದವಳ ಪಾಲನ್ನ ಒಂದು ತಟ್ಟೇಲಿ ತೆಗೆದು ಮುಚ್ಚಿಡೋದು. ಸೊಸೆಯರ ಮೇಲೆ ಪ್ರೀತಿ ಬಂತಾ ಅಂತ ಯಾರೋ ಕೇಳಿದ್ದಕ್ಕೆ, ಪ್ರೀತಿ ಗೀತಿ ಏನಿಲ್ಲ, ದಿನಾ ಹಸಿದು ಒಲೆ ಮುಂದೆ ಕೂರೋರು ಒಂದು ದಿನ ಯಾರನ್ನ ತಿಂತಾರೋ ಯಾರಿಗೆ ಗೊತ್ತು ಅಂದಳಂತೆ.

ಕತೆ ಮುಗೀತು ಮಗಾ, ಅವರ ಒಲೆಯೂ ಆರಿತು. ನೀನೂ ಈ ಕಡೆ ತಿರುಗಿ ಮಲಕೋ.