ಜುಟ್ಟಿಲ್ಲದ ಕಾಗದದ ಹುಂಜ

ಡ್ರಾಯಿಂಗ್ ಟೀಚರ್ ಸರ್ವಮಂಗಳಮ್ಮ ರದ್ದಿ ಕಾಗದ ಕತ್ತರಿಸಿ, ಮೈದಾ ಅಂಟಿನಿಂದ ರಟ್ಟಿಗೆ ಮೆತ್ತಿ, ಒಂದು ಹುಂಜ ಮಾಡಿ ಗೋಡೆಗೆ ತೂಗುಹಾಕಿದರು. ಲಗ್ನಪತ್ರಿಕೆಯ ಅರಿಸಿನ ಹಚ್ಚಿದ ಮೂಲೆ ಅದರ ಕೊಕ್ಕಾಯಿತು. ಸಿನಿಮಾ ಪೋಸ್ಟರು ಎದೆಯಾಯಿತು, ಹೋದ ವರ್ಷದ ಕ್ಯಾಲೆಂಡರು ಬಾಲವಾಯಿತು. ಕೆಂಪು ಕಾಗದ ಸಾಲದೆ ಜುಟ್ಟು ಮಾತ್ರ ಬಾಕಿ ಉಳಿಯಿತು.

ಪಕ್ಕದ ಮೊಳೆಗೆ ಹೊಸ ಕ್ಯಾಲೆಂಡರು ಬಂತು. ಹುಂಜವನ್ನು ಕಂಡು ಮೂಗು ಮುರಿಯಿತು.

“ಎಲೈ ಕಸವೇ! ಮುಗಿದುಹೋದ ಮದುವೆ, ತೋಪಾದ ಸಿನಿಮಾ, ದಿನ ತೀರಿದ ಹಾಳೆ! ನಿನ್ನದು ಅನ್ನುವುದು ನಿನ್ನಲ್ಲಿ ಏನಿದೆ? ಇಳಿ ಕೆಳಗೆ!”

“ಇಳಿಯುವುದಿಲ್ಲ,” ಎಂದಿತು ಹುಂಜ. “ಇವನ್ನೆಲ್ಲ ಜನ ಬಿಸಾಡಿದರು, ನಾನು ಮೈಮೇಲೆ ಹೊತ್ತು ನಿಂತಿದ್ದೇನೆ. ನನ್ನ ಬಾಲವೂ ಹೋದ ವರ್ಷ ಅದೇ ಮೊಳೆಯಲ್ಲಿ ನೇತಾಡುತ್ತ ಹೀಗೇ ಜಂಬ ಕೊಚ್ಚಿತ್ತು.”

ಕ್ಯಾಲೆಂಡರು ಸಿಟ್ಟಿನಿಂದ ಪಟಪಟನೆ ಗೋಡೆಗೆ ಬಡಿದುಕೊಂಡಿತು. “ನನ್ನನ್ನು ಯಾರೆಂದುಕೊಂಡೆ? ಹಬ್ಬಗಳೆಲ್ಲ ನನ್ನ ಹತ್ತಿರ ಇವೆ. ಭಾನುವಾರಗಳೆಲ್ಲ ನನ್ನ ಹತ್ತಿರ ಇವೆ, ದಪ್ಪ ಕೆಂಪು ಅಕ್ಷರದಲ್ಲಿ!”

“ನೋಡಿದೆ, ಒಳ್ಳೇ ಕೆಂಪು,” ಎಂದಿತು ಹುಂಜ. “ಡಿಸೆಂಬರ್ ಮುಗಿಯಲಿ. ನನ್ನ ಜುಟ್ಟಿಗೆ ಸರಿಹೋಗುತ್ತದೆ.”