ಗೌಡರ ತಂಪು, ತಿಪ್ಪಮ್ಮನ ಘಾಟು

ಬಳ್ಳಾರಿಯ ಬಿಸಿಲಿಗೆ ಹೆದರಿ ಪಂಪನಗೌಡರು ಚಕ್ರದ ಮೇಲೆ ಉರುಳುವ ಎಸಿ ತಂದರು. ಅದರ ಬಿಸಿಗಾಳಿ ಹೊರಬಿಡುವ ಪೈಪು ಕಿಟಕಿಯಲ್ಲಿ ಕಂಡರೆ ಮನೆಯ ಅಂದ ಕೆಡುತ್ತದೆಂದು, ಅದನ್ನು ಪಕ್ಕದ ಅಡುಗೆಮನೆಗೆ ತಿರುಗಿಸಿದರು.

"ನಾನು ಬೆಂದು ಹೋಗ್ತೀನ್ರಿ, ಗೌಡ್ರೆ," ಎಂದಳು ಅಡುಗೆಯ ತಿಪ್ಪಮ್ಮ.

"ಅಡುಗೆಮನೆ ಅಂದ್ಮೇಲೆ ಬಿಸಿ ಇರೋದೇ. ಸುಮ್ನೆ ನಿನ್ನ ಕೆಲಸ ನೋಡು!"

ತಿಪ್ಪಮ್ಮ ನೋಡಿದಳು. ಎಸಿ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಗೌಡರ ಕೋಣೆ ಬಾಗಿಲ ಸಂದಿಯಿಂದ ಅಡುಗೆಮನೆಯ ಹೊಗೆಯನ್ನು ಒಳಗೆಳೆದುಕೊಳ್ಳುತ್ತಿತ್ತು. ಅವಳು ಮೂಗಿಗೆ ಸೆರಗು ಬಿಗಿದು, ಬಾಣಲೆ ತುಂಬ ಗುಂಟೂರು ಮೆಣಸಿನಕಾಯಿ ಹುರಿಯತೊಡಗಿದಳು.

ಗೌಡರು ಕೆಮ್ಮುತ್ತ, ಸೀನುತ್ತ, ಕಣ್ಣೀರು ಸುರಿಸುತ್ತ ಓಡಿ ಬಂದರು. "ಏನೇ ಇದು ಘಾಟು?"

"ನನ್ನ ಕೆಲಸ, ಗೌಡ್ರೆ. ನೀವು ದಿನಾ ಇಷ್ಟೊಂದು ಬಿಸಿ ಕಳಿಸ್ತೀರಿ. ಕಳಿಸಿದೋರ್ಗೆ ಬರೀ ಪಾತ್ರೆ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಇನ್ನೂ ಅರ್ಧ ಚೀಲ ಐತ್ರಿ."

ಸಂಜೆಯೊಳಗೆ ಪೈಪು ಕಿಟಕಿಯಿಂದ ಬೀದಿಗೆ ಮೂತಿ ಚಾಚಿತ್ತು.