ಸಾಹೇಬರೇ ಮಾದರಿ

ತನಿಖೆಗೆ ಬಂದ ಸಾಹೇಬರು ನೀಲವ್ವ ಟೀಚರ ಮೇಲೆ ಹರಿಹಾಯ್ದರು. "ಅಸ್ಥಿಪಂಜರದ ಮಾದರಿಯೇ ಇಲ್ಲ! ಎಲುಬಿನ ಪಾಠ ನಡೆದೇ ಇಲ್ಲ ಅಂತ ಬರೀತೀನಿ!"

ಮೂರು ಅರ್ಜಿ ಕೊಟ್ಟರೂ ಮಾದರಿ ಕಳಿಸದವರು ಇದೇ ಸಾಹೇಬರು.

"ಮಾದರಿ ಈಗ ಬಂದು ಕುಂತೈತಲ್ರೀ," ಅಂದವಳೇ ನೀಲವ್ವ ಮಕ್ಕಳ ಕಡೆ ತಿರುಗಿದಳು. "ಸಾಹೇಬ್ರು ಅಲ್ಲಾಡಿಸಿದ್ದರ ಹೆಸರು ಹೇಳ್ರಿ."

ಸಾಹೇಬರು ಬೆರಳು ಝಳಪಿಸಿದರು.

"ಬೆರಳೆಲುಬು!"

ಗದರಲು ಬಾಯಿ ತೆರೆದರು.

"ಕೆಳದವಡೆ!"

ಧಡಕ್ಕನೆ ಎದ್ದರು.

"ತೊಡೆಯೆಲುಬು! ಮಂಡಿಚಿಪ್ಪು!"

ಸಾಹೇಬರು ಮೆಲ್ಲಗೆ ಕೂತು, ಕಲ್ಲಿನ ಬಸವನ ಹಾಗೆ ಅಲುಗಾಡದೆ ಉಳಿದರು. ಉಸಿರು ಬಿಟ್ಟರೆ, "ಪಕ್ಕೆಲುಬು!"

ನೀಲವ್ವ ವರದಿ ಪುಸ್ತಕ ಮುಂದೆ ತಳ್ಳಿದಳು. "ಪಾಠ ನಡದೈತಿ ಅಂತ ಬರೀತೀರೋ, ಇನ್ನೊಮ್ಮೆ ಎದ್ದು ನಿಂದರ್ತೀರೋ?"

ಸಾಹೇಬರು ತೆಪ್ಪಗೆ ಬರೆದು ರುಜು ಹಾಕಿದರು. ಇಡೀ ತರಗತಿ ಒಕ್ಕೊರಲಿಂದ ಕೂಗಿತು: "ಮಣಿಕಟ್ಟಿನೆಲುಬು!"